ಬಿಚ್ಚಪ್ಪ ಮುಚ್ಚಿದ ಕಂಪ್ಯೂಟರ್

ಎಲ್ಲ ಶುರುವಾಗಿದ್ದು ಗಾರ್ಡ್ ಸಾಹೇಬರ ಒಂದು ಮಾತಿನಿಂದ.

ಗಾರ್ಡ್ ಸಾಹೇಬರು ರೈಲ್ವೆಯಿಂದ ನಿವೃತ್ತರಾದವರು. ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಹಾಜರಾಗಿ, ಬಂದ ಪತ್ರಿಕೆಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿ, ಓದಿದ್ದನ್ನು ಪಕ್ಕದವರಿಗೂ ಓದಿ ಹೇಳಿ ಮನೆಗೆ ಹೋಗುವವರು. ಆ ದಿನ ಅವರು ಪತ್ರಿಕೆ ಮಡಚಿಟ್ಟು ಪುಸ್ತಕ ಕೊಡುವ ಕೌಂಟರಿಗೆ ಬಂದರು. ಗೋಡೆಯ ಮೇಲಿದ್ದ 'ನಿಶ್ಶಬ್ದವಾಗಿರಿ' ಎಂಬ ಬೋರ್ಡನ್ನು ನೋಡಿದರು. ಅದರ ಕೆಳಗೇ ಹಿಟ್ಟಿನ ಗಿರಣಿಯ ಹಾಗೆ ಗುರುಗುಡುತ್ತಿದ್ದ ಕಂಪ್ಯೂಟರನ್ನು ನೋಡಿದರು.

"ಜೀವಮಾನ ಪೂರ್ತಿ ರೈಲಲ್ಲಿ ನಿದ್ದೆ ಮಾಡಿದೋನು ನಾನು. ಇಂಥ ಸದ್ದು ಎಲ್ಲೂ ಕೇಳಿಲ್ಲ. ಇವತ್ತು ಸಂಜೆಯೊಳಗೆ ಇದಕ್ಕೊಂದು ಗತಿ ಕಾಣಿಸ್ತೀರೋ, ಇಲ್ಲ ನಾನು ಮೇಲಿನವರಿಗೆ ಹೇಳ್ಲೋ?"

ಕೌಂಟರಿನ ಹಿಂದೆ ಕೂತಿದ್ದವನು ಬಿಚ್ಚಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಸಂಬಳದ ದಿನ ಮಾತ್ರ ಅದು ಬಳಕೆಗೆ ಬರುತ್ತಿತ್ತು. ಬಿಚ್ಚಪ್ಪ ಅನ್ನುವುದು ಅವನ ಭಾವಮೈದುನ ಇಟ್ಟ ಹೆಸರು. ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಸಾಕು, ಇವನು ಏನನ್ನಾದರೂ ಬಿಚ್ಚುತ್ತಿದ್ದ. ಮುಚ್ಚುವುದು ಮಾತ್ರ ಈವರೆಗೆ ಆಗಿರಲಿಲ್ಲ. ಅವನ ಮನೆಯ ಗೋಡೆ ಗಡಿಯಾರ ಒಂದು ಚೀಲದಲ್ಲಿತ್ತು, ರೇಡಿಯೋ ಇನ್ನೊಂದು ಚೀಲದಲ್ಲಿತ್ತು. ಇಸ್ತ್ರಿಪೆಟ್ಟಿಗೆ ಬಿಚ್ಚಿದ ದಿನದಿಂದ ಮನೆಮಂದಿಯೆಲ್ಲ ಸುಕ್ಕುಗಟ್ಟಿದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಭಾವಮೈದುನ ಒಮ್ಮೆ ಗ್ರಂಥಾಲಯಕ್ಕೆ ಬಂದು ಎಲ್ಲರೆದುರು "ಬಿಚ್ಚಪ್ಪ ಭಾವ" ಅಂತ ಕರೆದುಬಿಟ್ಟ. ಅಲ್ಲಿಂದಾಚೆ ಆಫೀಸಿನಲ್ಲೂ ಅದೇ ಗಟ್ಟಿಯಾಯಿತು.

ಗಾರ್ಡ್ ಸಾಹೇಬರ ಮಾತಿಗೆ ಬಿಚ್ಚಪ್ಪ ಬೇಸರಪಡಲಿಲ್ಲ. ಒಳಗೊಳಗೇ ಖುಷಿಪಟ್ಟ. ಆ ಕಂಪ್ಯೂಟರಿನ ರೋಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಶುರುವಾದ ಸ್ವಲ್ಪ ಹೊತ್ತಿಗೇ ಕಾದು ಕೆಂಡವಾಗುತ್ತಿತ್ತು, ಫ್ಯಾನು ಕಿರುಚುತ್ತಿತ್ತು, ಕೊನೆಗೆ ಯಾರದೋ ಪುಸ್ತಕ ಅರ್ಧ ದಾಖಲಾಗಿರುವಾಗ ಪಟ್ಟನೆ ಆರಿಹೋಗುತ್ತಿತ್ತು. ಹೆಡ್ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದರೂ "ನೋಡೋಣ" ಅನ್ನುವ ಒಂದೇ ಉತ್ತರ. ಬಿಚ್ಚಪ್ಪ ವಾರಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಅಂಗಡಿಗೆ ಹೋಗಿ, ಸ್ವಂತ ಜೇಬಿನಿಂದಲೇ ಎರಡು ಸಾಮಾನು ತಂದು ಮೇಜಿನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ.

ಅಂಗಡಿಯವನು ಅವನಿಗೆ ಬಿಡಿಸಿ ಹೇಳಿದ್ದ: "ಪ್ರೊಸೆಸರ್ ಅಂದ್ರೆ ಕಂಪ್ಯೂಟರಿನ ತಲೆ. ಕೆಲಸ ಮಾಡಿದಷ್ಟೂ ಬಿಸಿಯಾಗುತ್ತೆ. ಅದರ ಮೇಲೆ ಕೂತು ಆ ಬಿಸಿ ಎಳ್ಕೊಂಡು ಗಾಳಿಗೆ ಬಿಡೋದು ಈ ಹೀಟ್ ಸಿಂಕ್. ಎರಡರ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತೆ, ಅದನ್ನ ತುಂಬೋದು ಈ ಥರ್ಮಲ್ ಪೇಸ್ಟ್. ಹಳೇ ಪೇಸ್ಟ್ ಒಣಗಿದ್ರೆ ಬಿಸಿ ಹೊರಗೆ ಹೋಗೋ ದಾರಿ ಮುಚ್ಚಿಹೋದ ಹಾಗೆ."

ಅಡ್ಡಿ ಇದ್ದಿದ್ದು ಲೈಬ್ರರಿಯನ್ ಮೇಡಂ ಒಬ್ಬರದೇ. ಆ ದಿನ ಅವರಿಗೆ ದವಡೆ ಹಲ್ಲಿನ ನೋವು. ಕೆನ್ನೆ ಹಿಡಿದುಕೊಂಡೇ ದಂತವೈದ್ಯರ ಹತ್ತಿರ ಹೊರಟವರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ನಾನು ಹಲ್ಲು ಕೀಳಿಸ್ಕೊಂಡು ಬರ್ತೀನಿ. ಅಲ್ಲೀವರೆಗೆ ನೀವು ಇಲ್ಲಿ ಏನನ್ನೂ ಕೀಳಬೇಡಿ."

"ಛೇ ಛೇ, ಇಲ್ಲ ಮೇಡಂ," ಅಂದ ಬಿಚ್ಚಪ್ಪ.

ಮೇಡಂ ಹತ್ತಿದ ಆಟೋ ತಿರುವು ದಾಟಿತೋ ಇಲ್ಲವೋ, ಕೌಂಟರಿನ ಮೇಲೆ 'ಸ್ವಲ್ಪ ಹೊತ್ತು ಕಾಯಿರಿ' ಎಂಬ ಫಲಕ ಬಂದು ಕೂತಿತು.

ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದಾಗ ಒಳಗಿಂದ ಬೂದುಬಣ್ಣದ ಧೂಳಿನ ಮೋಡವೊಂದು ಎದ್ದು ಓದುಕೋಣೆಯ ಕಡೆ ತೇಲಿಹೋಯಿತು. ಮೂರು ಮೇಜಿನವರು ಸೀನಿದರು. ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುತ್ತಿದ್ದ ಬೈಂಡರ್ ಗೋಂದಿನ ಕುಂಚ ಹಿಡಿದುಕೊಂಡೇ ಎದ್ದು ಬಂದ.

"ಇದೇನ್ ಬಿಚ್ಚಪ್ಪ, ಒಳಗೆ ಕಂಬಳಿ ಹೊದ್ಕೊಂಡು ಮಲಗಿದೆಯಲ್ಲ ಇದು," ಅಂದ. ನಿಜಕ್ಕೂ ಹಳೆಯ ಫ್ಯಾನಿನ ಕೆಳಗೆ ಧೂಳು ಹಾಗೇ ಗಟ್ಟಿಯಾಗಿ ಕಂಬಳಿಯ ತುಂಡಾಗಿತ್ತು. ಬಿಚ್ಚಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಕಾಗದದ ಮೇಲಿಟ್ಟ. ಅರ್ಧ ರೋಗ ಹಿಡಿದು ಹಾಕಿದ ವೈದ್ಯನ ಗತ್ತು ಅವನ ಮುಖಕ್ಕೆ ಬಂತು.

ಆ ಗತ್ತು ಹೆಚ್ಚು ಹೊತ್ತು ಉಳಿಯಲಿಲ್ಲ. ಹಳೇ ಹೀಟ್ ಸಿಂಕಿನ ಕೊಂಡಿ ತೆಗೆದು ಎಳೆದ. ಅದು ಜಗ್ಗಲಿಲ್ಲ. ಇನ್ನೂ ಸ್ವಲ್ಪ ಎಳೆದ. ಕಟ್ ಅನ್ನುವ ಸದ್ದಿನೊಂದಿಗೆ ಅದು ಕೈಗೆ ಬಂತು, ಬರುವಾಗ ತನ್ನ ಬುಡಕ್ಕೆ ಅಂಟಿಕೊಂಡಿದ್ದ ಪ್ರೊಸೆಸರನ್ನೂ ಜಾಗದಿಂದ ಕಿತ್ತುಕೊಂಡೇ ಬಂತು. ಒಣಗಿದ ಪೇಸ್ಟು ಸಿಮೆಂಟಿನ ಹಾಗೆ ಎರಡನ್ನೂ ಕಚ್ಚಿಹಿಡಿದಿತ್ತು.

"ಕಿತ್ರಿ," ಅಂದರು ಗಾರ್ಡ್ ಸಾಹೇಬರು. ಅವರು ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದರೋ ಬಿಚ್ಚಪ್ಪನಿಗೆ ಗೊತ್ತಾಗಿರಲಿಲ್ಲ. "ಕೀಳಲ್ಲ ಅಂತ ಈಗಷ್ಟೇ ಹೇಳಿದ್ರಿ."

"ಇದು ಕಿತ್ತಿದ್ದಲ್ಲ ಸಾರ್, ತಾನೇ ಬಂದಿದ್ದು."

"ಬಿಸಿನೀರಲ್ಲಿ ನೆನೆಸಿ ನೋಡಿ," ಅಂದ ಬೈಂಡರ್. "ಅಂಚೆಚೀಟಿ ನಾವು ಹಾಗೇ ಬಿಡಿಸೋದು."

"ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ," ಅಂದರು ಗಾರ್ಡ್ ಸಾಹೇಬರು. "ಬೋಗಿಯ ಕೊಂಡಿ ನಾವು ಹಾಗೇ ಬಿಡಿಸ್ತಿದ್ದಿದ್ದು."

ಬಿಚ್ಚಪ್ಪ ಎರಡೂ ಬೇಡವೆಂದು ಕೈಯಾಡಿಸಿ, ಕಣ್ಣು ಮುಚ್ಚಿಕೊಂಡು ತಾನು ನೋಡಿದ ವಿಡಿಯೋಗಳನ್ನೆಲ್ಲ ತಲೆಯಲ್ಲೇ ಓಡಿಸಿದ. ಆಮೇಲೆ ಬೈಂಡರನ ಕೋಣೆಗೆ ಹೋಗಿ, ಪುಸ್ತಕ ಹೊಲಿಯುವ ಮೇಣದ ದಾರ ತಂದು, ಅಂಟಿಕೊಂಡಿದ್ದ ಎರಡರ ನಡುವೆ ಇಟ್ಟು ಗರಗಸದ ಹಾಗೆ ಅತ್ತ ಇತ್ತ ಎಳೆಯತೊಡಗಿದ. ಹಣೆಯಿಂದ ಬೆವರು ಇಳಿಯಿತು. ಒಂದು ಹಂತದಲ್ಲಿ ಪ್ರೊಸೆಸರು ಮೆಲ್ಲಗೆ ಸಡಿಲವಾಗಿ ಅವನ ಅಂಗೈಗೆ ಬಿತ್ತು.

ಬೈಂಡರ್ ತನ್ನ ದಾರದ ಉಂಡೆಯನ್ನು ಹೊಸ ಮರ್ಯಾದೆಯಿಂದ ನೋಡಿದ.

ಭೂತಗನ್ನಡಿ ಹಿಡಿದು ಪ್ರೊಸೆಸರಿನ ಹೊಟ್ಟೆ ನೋಡಿದ ಗಾರ್ಡ್ ಸಾಹೇಬರು "ಒಂದು ಸೂಜಿ ಸೊಟ್ಟಗಾಗಿದೆ" ಅಂದರು. ಕೂದಲಿನಂಥ ನೂರಾರು ಸೂಜಿಗಳಲ್ಲಿ ಮೂಲೆಯದೊಂದು ನಿಜವಾಗಿಯೂ ತಲೆ ಬಾಗಿಸಿತ್ತು. ಬಿಚ್ಚಪ್ಪ ಒತ್ತುವ ಪೆನ್ಸಿಲಿನಿಂದ ಸೀಸದ ಕಡ್ಡಿ ತೆಗೆದು, ಅದರ ತುದಿಯ ತೂತಿಗೆ ಆ ಸೂಜಿಯನ್ನು ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದ. ಗಾರ್ಡ್ ಸಾಹೇಬರು ಮತ್ತೆ ಗಾಜು ಹಿಡಿದು ನೋಡಿದರು. ನೋಡಿ ಗಾಜನ್ನು ಒರೆಸಿ ಇನ್ನೊಮ್ಮೆ ನೋಡಿದರು.

"ನೆಟ್ಟಗಿದೆ," ಅಂದರು, ಸೋಲು ಒಪ್ಪಿಕೊಂಡವರ ಹಾಗೆ.

ಆಗಲೇ ಫೋನು ಬಡಿದುಕೊಂಡಿತು. ಬಿಚ್ಚಪ್ಪನ ಕೈ ಪೂರ್ತಿ ಬೂದುಬಣ್ಣವಾಗಿದ್ದರಿಂದ ಬೈಂಡರ್ ಎತ್ತಿಕೊಂಡ. "ಹೂಂ. ಹೂಂ ಸಾರ್. ಸರಿ ಸಾರ್," ಅಂದು ಇಟ್ಟ. ಅವನ ಮುಖ ಹುಳ್ಳಗಾಗಿತ್ತು.

"ಹೆಡ್ ಆಫೀಸಿಂದ. ದೊಡ್ಡ ಸಾಹೇಬರು ಹೊರಟಿದಾರಂತೆ. ಇನ್ನೊಂದೆರಡು ಶಾಖೆ ನೋಡ್ಕೊಂಡು ಇಲ್ಲಿಗೇ ಬರ್ತಾರಂತೆ. ನಮ್ಮ ಕಂಪ್ಯೂಟರ್ ನೋಡೋಕೆ."

"ಯಾಕಂತೆ?"

"ಕೇಳೋಷ್ಟರಲ್ಲಿ ಇಟ್ಟುಬಿಟ್ರು."

ಬಿಚ್ಚಪ್ಪ ಮೇಜಿನ ಕಡೆ ನೋಡಿದ. ಸರ್ಕಾರಿ ಸ್ವತ್ತು ಹೊಟ್ಟೆ ಸೀಳಿಕೊಂಡು ಮೇಜಿನ ಮೇಲೆ ಮಲಗಿತ್ತು. ಅದರ ಕರುಳು ಹಳೇ ಪತ್ರಿಕೆಯ ಮೇಲೆ ಹರಡಿತ್ತು. ಸಾಹೇಬರು ಬಂದು ಇದನ್ನು ಕಂಡರೆ ನೌಕರಿಗೇ ಸಂಚಕಾರ. ಅವನು ಗಾರ್ಡ್ ಸಾಹೇಬರ ಕಡೆ ತಿರುಗಿದ.

"ನೀವೇ ಹೇಳಿದ್ರಾ ಸಾರ್?"

"ನಾನು ಹೇಳ್ತೀನಿ ಅಂದಿದ್ದು ಸಂಜೆ," ಅಂದರು ಗಾರ್ಡ್ ಸಾಹೇಬರು. "ಟೈಮಿಗೆ ಮುಂಚೆ ಗಾಡಿ ಬಿಡೋನಲ್ಲ ನಾನು."

ಇನ್ನು ಬಿಚ್ಚಪ್ಪನ ಕೈ ನಿಲ್ಲಲಿಲ್ಲ. ಸ್ಪಿರಿಟ್ಟಿನಲ್ಲಿ ಹಳೇ ಪೇಸ್ಟು ಒರೆಸಿದ. ಪ್ರೊಸೆಸರನ್ನು ಜಾಗಕ್ಕೆ ಕೂರಿಸಿದ. ಹೊಸ ಪೇಸ್ಟಿನ ಕೊಳವೆ ಒತ್ತಿ, ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದು ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದ. ಅದರ ಮೇಲೆ ಹೊಸ ಹೀಟ್ ಸಿಂಕ್ ಕೂರಿಸಿದ. ತೆಳ್ಳನೆಯ ಲೋಹದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ತಾಮ್ರದ ಕೊಳವೆ ತೂರಿಸಿದ ಆ ಸಾಮಾನು ಹಳೆಯದರ ಮೂರು ಪಟ್ಟು ಎತ್ತರವಿತ್ತು. ಸ್ವಿಚ್ ಒತ್ತಿದ.

ಪರದೆ ಬೆಳಗಿತು. ಮೂಲೆಯಲ್ಲಿ ತಾಪ ತೋರಿಸುವ ಅಂಕಿ ಮೂಡಿತು. ಐವತ್ತು. ಎಪ್ಪತ್ತು. ತೊಂಬತ್ತು. ಫ್ಯಾನು ಹಿಂದೆಂದೂ ಕಿರುಚದ ಹಾಗೆ ಕಿರುಚಿ, ಕಂಪ್ಯೂಟರು ಪಟ್ಟನೆ ಆರಿಹೋಯಿತು.

"ಮೊದಲು ಹತ್ತು ಪುಸ್ತಕಕ್ಕಾದ್ರೂ ಬಾಳ್ತಿತ್ತು," ಅಂದ ಬೈಂಡರ್.

ಬಿಚ್ಚಪ್ಪ ಹೀಟ್ ಸಿಂಕನ್ನು ಮತ್ತೆ ತೆಗೆದು ತಿರುಗಿಸಿ ನೋಡಿದ. ಪೇಸ್ಟಿನ ಕೆಸರಿನಡಿಯಲ್ಲಿ ಏನೋ ಮಿರುಗಿತು. ಉಗುರಿನಿಂದ ಕೆರೆದ. ಹೊಸ ಸಾಮಾನಿನ ಬುಡಕ್ಕೆ ಗೀಚು ಬೀಳದಿರಲಿ ಎಂದು ಕಂಪನಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ. 'ಬಳಸುವ ಮುನ್ನ ತೆಗೆಯಿರಿ' ಎಂದು ಅದರ ಮೇಲೆ ಬರೆದೂ ಇತ್ತು. ಪ್ರೊಸೆಸರನ್ನು ತಂಪು ಮಾಡಲು ಹೋಗಿ ಅದಕ್ಕೆ ರೇನ್‌ಕೋಟು ತೊಡಿಸಿದ್ದ. ಗಾರ್ಡ್ ಸಾಹೇಬರ ಭೂತಗನ್ನಡಿ ಅತ್ತ ವಾಲುವ ಮೊದಲೇ ಹಾಳೆ ಕಿತ್ತು ಜೇಬಿಗಿಳಿಸಿದ.

ಮತ್ತೆ ಎಲ್ಲ ಒರೆಸಿ, ಪೇಸ್ಟಿನ ಕೊಳವೆಗೆ ಕೈ ಹಾಕಿದರೆ ಕೊಳವೆ ಇರಲಿಲ್ಲ. ಮೇಜಿನ ಮೇಲೆ ಇರಲಿಲ್ಲ, ಕೆಳಗೂ ಇರಲಿಲ್ಲ. ಹಿಂದಿನ ಕೋಣೆಯಿಂದ ಬೈಂಡರನ ಗೊಣಗಾಟ ಕೇಳಿಸಿತು.

"ಈ ಹೊಸ ಗೋಂದು ಏನೇನೂ ಚೆನ್ನಾಗಿಲ್ಲ ಬಿಚ್ಚಪ್ಪ. ಎಷ್ಟು ಹಚ್ಚಿದ್ರೂ ಹಿಡೀತಾನೇ ಇಲ್ಲ."

ಬಿಚ್ಚಪ್ಪ ಒಳಗೆ ಓಡಿದ. ದೊಡ್ಡ ಅಟ್ಲಾಸಿನ ಬೆನ್ನಿನ ಉದ್ದಕ್ಕೂ ಬೂದುಬಣ್ಣದ ಪೇಸ್ಟು ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಕೊಳವೆ ಚಪ್ಪಟೆಯಾಗಿತ್ತು.

"ಅದು ಗೋಂದಲ್ಲ ಮಾರಾಯ, ಕಂಪ್ಯೂಟರಿಂದು."

"ಅದನ್ನ ಮೊದಲೇ ಹೇಳಬೇಕು ತಾನೇ? ನನ್ನ ದಾರ ನೀವು ತಗೊಂಡಾಗ ನಾನೇನಾದ್ರೂ ಅಂದ್ನಾ?"

ಜಗಳಕ್ಕೆ ಸಮಯವಿರಲಿಲ್ಲ. ಬಿಚ್ಚಪ್ಪ ಕೊಳವೆಯನ್ನು ಬುಡದಿಂದ ಹಿಂಡಿ ಹಿಂಡಿ, ಕೊನೆಗೆ ಒಂದು ಬಟಾಣಿ ಕಾಳಿನಷ್ಟು ಪೇಸ್ಟು ಹೊರಡಿಸಿದ. ಅದನ್ನು ಪ್ರೊಸೆಸರಿನ ನಟ್ಟನಡುವೆ ಇಟ್ಟ. ಇಟ್ಟ ಮೇಲೆ ನೆನಪಾಯಿತು, ಅಂಗಡಿಯವನು ಹೇಳಿದ್ದೂ ಬಟಾಣಿ ಕಾಳಿನಷ್ಟೇ ಎಂದು. ಬೈಂಡರ್ ಕದ್ದಿರದಿದ್ದರೆ ತಾನು ಮತ್ತೆ ಗಾರೆಯನ್ನೇ ಮೆತ್ತುತ್ತಿದ್ದೆ ಅನ್ನುವುದು ಹೊಳೆಯಿತು. ಆದರೆ ಇಂಥದ್ದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಹೀಟ್ ಸಿಂಕ್ ಸಮವಾಗಿ ಕೂತಿತು. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಫ್ಯಾನಿನ ತಂತಿ ಸಿಕ್ಕಿಸಿದ. ಇನ್ನು ಮುಚ್ಚಳ. ಮುಚ್ಚಳ ಮುಚ್ಚಲಿಲ್ಲ. ಹೊಸ ಹೀಟ್ ಸಿಂಕಿನ ತಲೆ ಹೊರಗೇ ಚಾಚಿಕೊಂಡಿತ್ತು.

"ಬಿಚ್ಚೋದಾಯ್ತು," ಅಂದ ಬೈಂಡರ್. ಮುಂದಿನ ಮಾತು ಹೇಳಲಿಲ್ಲ, ಹೇಳುವ ಅವಶ್ಯಕತೆಯೂ ಇರಲಿಲ್ಲ.

ಅವಮಾನ ಅನ್ನುವುದು ಕೆಲವರನ್ನು ಕುಗ್ಗಿಸುತ್ತದೆ, ಬಿಚ್ಚಪ್ಪನಿಗೆ ಅದು ಕಣ್ಣು ತೆರೆಸಿತು. ಮುಚ್ಚಳವನ್ನು ಮಗುಚಿ ನೋಡಿದ. ಒಳಮೈಯಲ್ಲಿ ಹಳೇ ಫ್ಯಾನಿಗೆ ಗಾಳಿ ಹೋಗಲೆಂದು ಒಂದು ಪ್ಲಾಸ್ಟಿಕ್ ಆಲಿಕೆ ಜೋಡಿಸಿದ್ದರು. ತಡೆಯುತ್ತಿದ್ದುದು ಅದೇ. ನಾಲ್ಕು ಸ್ಕ್ರೂ ತೆಗೆದು ಆಲಿಕೆಯನ್ನು ಕಿತ್ತು ಪಕ್ಕಕ್ಕಿಟ್ಟ. ಮುಚ್ಚಳ ಜಾರಿಕೊಂಡು ಹೋಗಿ ತನ್ನ ಜಾಗದಲ್ಲಿ ಠಕ್ಕನೆ ಕೂತಿತು.

ಸ್ವಿಚ್ ಒತ್ತಿದ.

ಪರದೆ ಬೆಳಗಿತು. ಸದ್ದು ಬರಲಿಲ್ಲ. ಬಿಚ್ಚಪ್ಪ ಕೆಟ್ಟುಹೋಯಿತೆಂದೇ ಬಗೆದು ಪೆಟ್ಟಿಗೆಗೆ ಕಿವಿ ಇಟ್ಟ. ಒಳಗೆ ಫ್ಯಾನು ನಿದ್ದೆಹೋದ ಮಗುವಿನ ಉಸಿರಿನ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ತಾಪದ ಅಂಕಿ ಮೂವತ್ತೆಂಟಕ್ಕೆ ಬಂದು ನಿಂತಿತು, ನಿಂತೇ ಇತ್ತು. ಓದುಕೋಣೆಯಲ್ಲಿ ಒಬ್ಬೊಬ್ಬರಾಗಿ ತಲೆ ಎತ್ತಿದರು, ಏನೋ ಕಳೆದುಹೋಗಿದೆ, ಏನೆಂದು ಗೊತ್ತಾಗುತ್ತಿಲ್ಲ ಅನ್ನುವವರ ಹಾಗೆ. ಯಾರೋ ಪುಟ ತಿರುಗಿಸಿದ ಸದ್ದು ಕೌಂಟರಿನವರೆಗೂ ಬಂತು. ಎಷ್ಟೋ ವರ್ಷಗಳ ನಂತರ ಆ ಗ್ರಂಥಾಲಯದಲ್ಲಿ ಪುಟ ತಿರುಗಿದ್ದು ಕೇಳಿಸಿತು.

ಕಾಯುತ್ತಿದ್ದವರಿಗೆಲ್ಲ ಬಿಚ್ಚಪ್ಪ ಪುಸ್ತಕ ಕೊಟ್ಟ. ಹತ್ತು ದಾಟಿತು, ಇಪ್ಪತ್ತು ದಾಟಿತು. ಅಂಕಿ ನಲವತ್ತನ್ನು ಮುಟ್ಟಲಿಲ್ಲ. ಗಾರ್ಡ್ ಸಾಹೇಬರು ಮುಂದೆ ಬಂದು ಕೈ ಚಾಚಿದರು. ಬಿಚ್ಚಪ್ಪ ತನ್ನ ಬೂದುಬಣ್ಣದ ಕೈ ಕೊಟ್ಟ. ಗಾರ್ಡ್ ಸಾಹೇಬರು ಅದನ್ನು ಲೆಕ್ಕಿಸದೆ ಗಟ್ಟಿಯಾಗಿ ಕುಲುಕಿದರು.

"ನಿಮ್ಮನ್ನ ಬಿಚ್ಚಪ್ಪ ಅಂದಿದ್ದಕ್ಕೆ ಕ್ಷಮೆ ಇರಲಿ," ಅಂದರು. ಬಿಚ್ಚಪ್ಪನ ಪಾದ ಆಗ ನೆಲದಿಂದ ಒಂದು ಗೇಣು ಮೇಲಿತ್ತು. ತನ್ನ ಕೈಯಾರೆ ಬಿಚ್ಚಿ, ತನ್ನ ಕೈಯಾರೆ ಮುಚ್ಚಿ, ಮುಚ್ಚಿದ ಮೇಲೂ ನಡೆಯುತ್ತಿರುವ ಮೊದಲ ವಸ್ತು ಅವನ ಕಣ್ಣೆದುರಿತ್ತು. ಭಾವಮೈದುನ ಈಗ ಇಲ್ಲಿರಬೇಕಿತ್ತು ಅನ್ನಿಸಿತು.

ಹೊರಗೆ ವ್ಯಾನು ನಿಂತ ಸದ್ದಾಯಿತು. ಅದರ ಹಿಂದೆಯೇ ಮೇಡಂ ಅವರ ಆಟೋ. ದೊಡ್ಡ ಸಾಹೇಬರು ಮುಂದೆ, ಮೇಡಂ ಹಿಂದೆ ಒಳಗೆ ಬಂದರು. ಮೇಡಂ ಅವರ ಒಂದು ಕೆನ್ನೆ ಚೆಂಡಿನಂತೆ ಊದಿತ್ತು, ಬಾಯಿತುಂಬ ಹತ್ತಿ ತುಂಬಿತ್ತು. ಅವರ ಕಣ್ಣು ಮಾತ್ರ ಯಾಕೋ ಹಬ್ಬದ ದೀಪದ ಹಾಗೆ ಬೆಳಗುತ್ತಿತ್ತು. ಆ ಕಣ್ಣು ಕಂಪ್ಯೂಟರಿನ ಮೇಲೆ ಬಿದ್ದದ್ದೇ ತಡ, ದೀಪ ಆರಿತು. ಅವರು ನಿಂತಲ್ಲೇ ನಿಂತು ಕಿವಿಗೊಟ್ಟರು. ಕೇಳಲು ಏನೂ ಇರಲಿಲ್ಲ.

"ಈ ಮಷೀನೇನಾ?" ಅಂದರು ಸಾಹೇಬರು. "ಕಿರುಚುತ್ತೆ, ಕಾಯುತ್ತೆ, ಆರಿಹೋಗುತ್ತೆ ಅಂತ ನಮಗೆ ಹೇಳಿದ್ದು ಇದರ ಬಗ್ಗೇನಾ?"

"ಹೂಂ ಹೂಂ ಹೂಂ," ಅಂದರು ಮೇಡಂ, ಜೋರಾಗಿ ತಲೆಯಾಡಿಸುತ್ತ.

"ಆಗ್ತಿತ್ತು ಸಾರ್, ಈಗಿಲ್ಲ," ಅಂದ ಬಿಚ್ಚಪ್ಪ ಎದೆಯುಬ್ಬಿಸಿ. "ನಾನೇ ರಿಪೇರಿ ಮಾಡಿದೀನಿ."

ಮೇಡಂ ಸಾಹೇಬರ ಬೆನ್ನ ಹಿಂದಿನಿಂದ ಎರಡೂ ಕೈ ಎತ್ತಿ ಅಡ್ಡಡ್ಡ ಬೀಸಿದರು. ತಾನು ತುಂಬ ವಿನಯದಿಂದ ಹೇಳುತ್ತಿದ್ದೇನೆ, ಮೇಡಂ ಇನ್ನೂ ಬಿಡಿಸಿ ಹೇಳಿ ಅನ್ನುತ್ತಿದ್ದಾರೆ ಎಂದು ಬಿಚ್ಚಪ್ಪ ತಿಳಿದ. ಬಿಡಿಸಿ ಹೇಳಿದ. ಒಣಗಿದ ಪೇಸ್ಟಿನ ಕತೆ, ಮೇಣದ ದಾರದ ಕತೆ, ಸೊಟ್ಟ ಸೂಜಿಯ ಕತೆ ಎಲ್ಲ ಹೇಳಿದ. ರೇನ್‌ಕೋಟಿನ ಕತೆ ಬಿಟ್ಟ. ಮೇಡಂ ಬಾಗಿಲಿನಾಚೆಯ ವ್ಯಾನಿನ ಕಡೆ ಬೆರಳು ತೋರಿಸಿದರು, ತಮ್ಮ ಕಡೆ ತೋರಿಸಿದರು, ಕಂಪ್ಯೂಟರಿನ ಕಡೆ ತೋರಿಸಿ ಕತ್ತು ಕೊಯ್ಯುವ ಹಾಗೆ ಕೈ ಆಡಿಸಿದರು. "ಮ್ಮ್. ಹ್ಮ್‌ಮ್ಮ್," ಅಂದರು.

"ಮೇಡಂಗೆ ನೋವು ಜಾಸ್ತಿ ಸಾರ್," ಅಂದ ಬಿಚ್ಚಪ್ಪ ಮರುಕದಿಂದ. "ಕೂತ್ಕೊಳ್ಳಿ ಮೇಡಂ, ನಾನು ನೋಡ್ಕೋತೀನಿ."

ಸಾಹೇಬರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಅಂಕಿ ನೋಡಿದರು. ಮುಖದಲ್ಲಿ ನಿಜವಾದ ಮೆಚ್ಚುಗೆ ಮೂಡಿತು.

"ಇಂಥ ಕೈ ನಮ್ಮಲ್ಲೇ ಇದೆ ಅಂತ ಗೊತ್ತೇ ಇರಲಿಲ್ಲ ನೋಡಿ. ಸುಮ್ಮನೆ ಹೊರಗಿನವರನ್ನ ನಂಬ್ಕೊಂಡು ಕೂತಿದ್ವಿ." ಅವರು ಬಾಗಿಲ ಕಡೆ ತಿರುಗಿ ಡ್ರೈವರನ್ನು ಕರೆದರು. "ಬೇರೆ ಶಾಖೆಗಳಿಂದ ತಂದಿದ್ದ ಹಳೇ ಮಷೀನೆಲ್ಲ ಇಲ್ಲೇ ಇಳಿಸು. ಇವರು ನೋಡ್ಕೋತಾರೆ."

ಡ್ರೈವರ್ ಒಂದೊಂದಾಗಿ ಹೊತ್ತು ತಂದು ಕೌಂಟರಿನ ಪಕ್ಕ ಸಾಲಾಗಿ ಇಟ್ಟ. ಐದು ಕಂಪ್ಯೂಟರು. ಎಲ್ಲವೂ ಧೂಳಿನ ಕಂಬಳಿ ಹೊದ್ದವೇ. ಸಾಹೇಬರು ಬಿಚ್ಚಪ್ಪನ ಬೆನ್ನು ತಟ್ಟಿ, ಮೇಡಂಗೆ ಕೈ ಮುಗಿದು, "ಒಳ್ಳೇ ಹುಡುಗನ್ನ ಇಟ್ಕೊಂಡಿದೀರಿ" ಅಂದು ಹೊರಟರು. ನಲವತ್ತೈದರ ಬಿಚ್ಚಪ್ಪ ಆ ಮಾತಿಗೆ ನಿಜವಾಗಿಯೂ ಹುಡುಗನ ಹಾಗೆ ನಾಚಿದ. ಕಿಟಕಿಯಿಂದ ನೋಡಿದರೆ, ವ್ಯಾನಿನ ಹಿಂಬದಿಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ ಮಾತ್ರ ಉಳಿದಿತ್ತು. ಬಿಳಿ ಡಬ್ಬ, ಇನ್ನೂ ಟೇಪು ಬಿಚ್ಚಿರಲಿಲ್ಲ. ಮೇಡಂ ಮೆಟ್ಟಿಲವರೆಗೂ ಓಡಿ, ಧೂಳೆಬ್ಬಿಸಿ ಹೋದ ವ್ಯಾನಿನ ಕಡೆ ಕೈ ಚಾಚಿಕೊಂಡೇ ನಿಂತರು.

ಒಳಗೆ ಬಂದವರು ಕುರ್ಚಿಯಲ್ಲಿ ಕುಸಿದು, ವೈದ್ಯರ ಮಾತನ್ನೂ ಲೆಕ್ಕಿಸದೆ ಬಾಯಿಂದ ಹತ್ತಿ ತೆಗೆದರು. ಬಿಚ್ಚಪ್ಪ, ಬೈಂಡರ್, ಗಾರ್ಡ್ ಸಾಹೇಬರು ಮೂವರೂ ಹತ್ತಿರ ಬಂದರು. ಹೊಗಳಿಕೆ ಹೊರಬರುವಾಗ ಎದುರಿಗೇ ಇರಬೇಕೆಂದು ಬಿಚ್ಚಪ್ಪ ಇನ್ನೊಂದು ಹೆಜ್ಜೆ ಮುಂದೆ ಬಂದು ನಿಂತ.

"ಆ ಡಬ್ಬದಲ್ಲಿ," ಅಂದರು ಮೇಡಂ, ಮರಗಟ್ಟಿದ ತುಟಿಯನ್ನು ಕಷ್ಟಪಟ್ಟು ಆಡಿಸುತ್ತ, "ಇದ್ದಿದ್ದು ಹೊಸ ಕಂಪ್ಯೂಟರ್. ನಮಗೆ. ಪ್ರತಿ ವಾರ ಫೋನ್ ಮಾಡಿ, ಬೇಡಿಕೊಂಡು, ಅತ್ತು ತರಿಸಿದ್ದೆ. ಹಳೇದು ಪೂರ್ತಿ ಹಾಳಾಗಿದೆ ಅಂತ ಅವರು ಕಣ್ಣಾರೆ ನೋಡಿದ್ರೆ ಇಳಿಸಿ ಹೋಗೋರು. ಎಲ್ಲ ಶಾಖೆಯಲ್ಲೂ ಹೊಸದು ಇಳಿಸಿ, ಹಳೇದು ತುಂಬ್ಕೊಂಡು ಬಂದಿದ್ರು. ನಾವೇ ಕೊನೆ."

ಗಾರ್ಡ್ ಸಾಹೇಬರು ಬಿಚ್ಚಪ್ಪನ ಕೈ ಕುಲುಕಿದ್ದ ತಮ್ಮ ಕೈಯನ್ನು ಕರವಸ್ತ್ರದಿಂದ ಒರೆಸಿಕೊಳ್ಳತೊಡಗಿದರು. ಬೈಂಡರ್ ಸಾಲಾಗಿ ಕೂತಿದ್ದ ಐದು ಪೆಟ್ಟಿಗೆಗಳನ್ನು ನೋಡಿದ.

ಬಿಚ್ಚಪ್ಪ ತಲೆ ತಗ್ಗಿಸಿದ. ಆಮೇಲೆ ಅವನ ಕಣ್ಣು ತಾನಾಗಿಯೇ ಪರದೆಯ ಮೂಲೆಗೆ ಹೋಯಿತು. ಮುಖ ಮತ್ತೆ ಅರಳಿತು.

"ಆದ್ರೂ ಮೇಡಂ," ಅಂದ, "ಮೂವತ್ತೇಳಕ್ಕೆ ಇಳಿದಿದೆ. ಹೊಸದು ಇಷ್ಟು ತಣ್ಣಗಿರ್ತಿತ್ತು ಅಂತ ಹೇಳೋಕಾಗಲ್ಲ."

ಮೇಡಂ ಅವನನ್ನೇ ದಿಟ್ಟಿಸಿ ನೋಡಿದರು. ಅವರು ಕೈಚೀಲದಿಂದ ಹೊಸ ಹತ್ತಿ ತೆಗೆದು, ಉಂಡೆ ಮಾಡಿ, ತಾವಾಗಿಯೇ ಬಾಯಿಗೆ ತುಂಬಿಕೊಂಡರು.